ಮರೆಯಲ್ಲಿಟ್ಟ ಪಿಸ್ತೂಲು

ಅಮೆರಿಕದಲ್ಲಿ ನೆಲಸಿರುವ ಮಗನನ್ನೋ ಮಗಳನ್ನೋ ನೋಡಿಬರಲು ಹೋಗುವ ನಮ್ಮವರಿಗೆ ಅಲ್ಲಿ ಎದುರಾಗುವ ವಿಚಿತ್ರಗಳಲ್ಲಿ ಒಂದು, ಕೆಲವು ಅಂಗಡಿ, ಆಸ್ಪತ್ರೆ, ಗ್ರಂಥಾಲಯಗಳ ಬಾಗಿಲಿಗೆ ಅಂಟಿಸಿರುವ ಚಿತ್ರ. ಬಿಳಿಯ ಕಾಗದದ ಮೇಲೆ ಕರಿಯ ಪಿಸ್ತೂಲು, ಅದರ ಸುತ್ತ ಕೆಂಪು ವೃತ್ತ, ನಡುವೆ ಅಡ್ಡಗೀಟು. ‘ಪಾದರಕ್ಷೆಗಳನ್ನು ಹೊರಗೆ ಬಿಡಿ’ ಎಂದು ನಾವು ಬರೆದು ತೂಗುಹಾಕುವ ಜಾಗದಲ್ಲಿ ಅವರು ಪಿಸ್ತೂಲನ್ನು ಹೊರಗೆ ಬಿಟ್ಟು ಬನ್ನಿ ಎನ್ನುತ್ತಾರೆ. ನೋಡಿದೊಡನೆ ನಗು ಬರುತ್ತದೆ. ಆದರೆ ಈ ಚಿತ್ರವಿಲ್ಲದ ಅಂಗಡಿಯಲ್ಲಿ, ಪಕ್ಕದಲ್ಲೇ ನಿಂತು ಟೊಮೇಟೊ ಆರಿಸುತ್ತಿರುವ ಸಭ್ಯ ಗೃಹಸ್ಥನ ಅಂಗಿಯ ಕೆಳಗೆ ಗುಂಡು ತುಂಬಿದ ಪಿಸ್ತೂಲು ಇದ್ದರೂ ಇರಬಹುದೆಂಬುದು ಹೊಳೆದಾಗ ನಗು ತಾನಾಗಿಯೇ ನಿಲ್ಲುತ್ತದೆ.

ಆ ಗೃಹಸ್ಥ ಕಳ್ಳನಲ್ಲ, ಪುಂಡನಲ್ಲ. ತೆರಿಗೆ ಕಟ್ಟುವವನು, ಮಕ್ಕಳನ್ನು ಶಾಲೆಗೆ ಬಿಟ್ಟು ಬರುವವನು. ಆಪತ್ತು ಬಂದರೆ ತನ್ನನ್ನೂ ತನ್ನವರನ್ನೂ ಕಾಪಾಡಿಕೊಳ್ಳಬೇಕೆಂಬ ಬಯಕೆಯಿಂದ ಅದನ್ನು ಹೊತ್ತಿದ್ದಾನೆ. ಹೊರಬಹುದೇ ಹೊರಬಾರದೇ ಎಂಬ ವಾದ ಆ ದೇಶದ್ದು. ಅದನ್ನು ಅವರು ಎರಡು ಶತಮಾನಗಳಿಂದ ನಡೆಸುತ್ತಿದ್ದಾರೆ, ನಾವು ಇಲ್ಲಿ ಕುಳಿತು ಮುಗಿಸುವ ಹಾಗಿಲ್ಲ. ಇಲ್ಲಿ ವಿಚಾರಿಸಬೇಕಾದುದು ಬೇರೊಂದು. ಹೊತ್ತವನು ಎಷ್ಟರಮಟ್ಟಿಗೆ ಸಿದ್ಧನಾಗಿರಬೇಕು?

ಕಾನೂನು ಏನು ಹೇಳುತ್ತದೆಂಬುದನ್ನು ಮೊದಲು ನೋಡೋಣ. ಆಯುಧ ಇಟ್ಟುಕೊಳ್ಳುವ ಜನರ ಹಕ್ಕನ್ನು ಹೇಳುವ ಎರಡನೆಯ ತಿದ್ದುಪಡಿ ಅಮೆರಿಕದ ಸಂವಿಧಾನಕ್ಕೆ ಸೇರಿದ್ದು 1791ರಲ್ಲಿ. ಅದು ವ್ಯಕ್ತಿಯೊಬ್ಬನ ಹಕ್ಕು, ಆತ್ಮರಕ್ಷಣೆಗಾಗಿ ಮನೆಯಲ್ಲಿ ಪಿಸ್ತೂಲು ಇಟ್ಟುಕೊಳ್ಳಬಹುದು ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟದ್ದು 2008ರಲ್ಲಿ. ಮನೆಯ ಹೊರಗೂ ಒಯ್ಯಬಹುದು ಎಂದು ಅದೇ ನ್ಯಾಯಾಲಯ 2022ರ ಜೂನ್ ತಿಂಗಳಲ್ಲಿ ಸಾರಿತು. ಇದಕ್ಕೆ ಮೊದಲೇ ಹಲವು ರಾಜ್ಯಗಳು ಪರವಾನಗಿಯ ಕಟ್ಟನ್ನೇ ಕಳಚಿದ್ದವು. ವರ್ಮಾಂಟ್ ರಾಜ್ಯದಲ್ಲಿ ಅಂಥ ಕಟ್ಟು ಎಂದೂ ಇರಲಿಲ್ಲ. ಅಲಾಸ್ಕ 2003ರಲ್ಲಿ, ಅರಿಜೋನ 2010ರಲ್ಲಿ, ಟೆಕ್ಸಸ್ 2021ರಲ್ಲಿ ಆ ದಾರಿ ಹಿಡಿದವು. ಇಂದು 50 ರಾಜ್ಯಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ, ಕಾನೂನು ತಡೆಯದ ವಯಸ್ಕನೊಬ್ಬನು ಪರವಾನಗಿಯಿಲ್ಲದೆ, ಪರೀಕ್ಷೆಯಿಲ್ಲದೆ, ಒಂದು ಗಂಟೆಯ ಪಾಠವೂ ಇಲ್ಲದೆ ಪಿಸ್ತೂಲನ್ನು ಅಂಗಿಯ ಮರೆಯಲ್ಲಿ ಸಿಕ್ಕಿಸಿಕೊಂಡು ಬೀದಿಗಿಳಿಯಬಹುದು. ಇನ್ನೊಂದು ತುದಿಯಲ್ಲಿ ಇಲಿನಾಯ್ ರಾಜ್ಯ 16 ಗಂಟೆಗಳ ಶಿಕ್ಷಣ ಕೇಳುತ್ತದೆ. ನ್ಯೂಯಾರ್ಕ್ 16 ಗಂಟೆಗಳ ಪಾಠದ ಮೇಲೆ 2 ಗಂಟೆಗಳ ಗುಂಡಿನ ಅಭ್ಯಾಸವನ್ನೂ ಕೇಳುತ್ತದೆ. ಒಂದೇ ದೇಶ, ಒಂದೇ ಬಗೆಯ ಪಿಸ್ತೂಲು. ಒಂದು ಗಡಿ ದಾಟಿದರೆ 18 ಗಂಟೆಗಳ ಸಿದ್ಧತೆ ಬೇಕು, ಇನ್ನೊಂದು ಗಡಿ ದಾಟಿದರೆ ಸೊನ್ನೆ ಸಾಕು. ನಮ್ಮಲ್ಲಿ ಸ್ಕೂಟರು ಓಡಿಸಬೇಕಾದರೂ ಎಂಟರ ಆಕಾರದಲ್ಲಿ ಓಡಿಸಿ ತೋರಿಸಬೇಕು!

ಕಾನೂನು ಕೈಬಿಟ್ಟ ಈ ಹೊಣೆ ಈಗ ಹೊತ್ತವನ ಮನಸ್ಸಾಕ್ಷಿಯ ಮೇಲೆ ಬಿದ್ದಿದೆ. 2015ರಲ್ಲಿ ನಡೆದ ಒಂದು ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಬಂದೂಕು ಉಳ್ಳವರಲ್ಲಿ ನೂರಕ್ಕೆ ಸುಮಾರು 61 ಮಂದಿ ಮಾತ್ರ ಯಾವುದಾದರೊಂದು ಕ್ರಮವಾದ ಶಿಕ್ಷಣ ಪಡೆದಿದ್ದರು. ಉಳಿದವರು ಅಪ್ಪನನ್ನು ನೋಡಿ ಕಲಿತರೋ, ಸಿನಿಮಾ ನೋಡಿ ಕಲಿತರೋ!

ಮುಂದೆ ಹೋಗುವ ಮೊದಲು, ಅಲ್ಲಿಗೆ ಓದಲು ಅಥವಾ ಉದ್ಯೋಗಕ್ಕೆ ಹೋಗಿರುವ ನಮ್ಮ ಹುಡುಗರ ತಂದೆತಾಯಂದಿರಿಗೆ ಒಂದು ಮಾತು. ವಿದ್ಯಾರ್ಥಿ ವೀಸಾ, ಎಚ್-1ಬಿ ಮುಂತಾದ ತಾತ್ಕಾಲಿಕ ವೀಸಾಗಳ ಮೇಲೆ ಹೋದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದನ್ನು ಅಲ್ಲಿನ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇಟೆಯ ಪರವಾನಗಿ ಪಡೆದವರಿಗೆ ವಿನಾಯಿತಿ ಎಂಬಂಥ ಕೆಲವು ಕಿಂಡಿಗಳಿವೆ. ಆದರೆ ಅವನ್ನು ವಕೀಲರನ್ನು ಕೇಳದೆ ನಂಬುವುದು ಜಾಣತನವಲ್ಲ. ಹಸಿರು ಕಾರ್ಡು ಪಡೆದವರ ಮಾತು ಬೇರೆ, ಪೌರತ್ವ ಪಡೆದವರದು ಬೇರೆ. ‘ಇಲ್ಲಿ ಎಲ್ಲರೂ ಇಟ್ಟುಕೊಂಡಿದ್ದಾರೆ’ ಎಂದು ಗೆಳೆಯನ ಜತೆ ಅಂಗಡಿಗೆ ಹೋಗುವ ಹುಡುಗನಿಗೆ ಈ ತಿಳಿವಳಿಕೆಯೇ ಸಿದ್ಧತೆಯ ಮೊದಲ ಪಾಠ. ಅನೇಕರಿಗೆ ಅದೇ ಕೊನೆಯ ಪಾಠವೂ ಆದೀತು.

ಇನ್ನು ಹೊರುವ ಹಕ್ಕುಳ್ಳವರ ವಿಚಾರ. ಅವರ ನಡುವಣ ಚರ್ಚೆಗಳನ್ನು ಓದಿದರೆ ಬಹುಪಾಲು ಸಾಮಾನಿನ ಪಟ್ಟಿಯಂತಿರುತ್ತದೆ. ಪಿಸ್ತೂಲು ಸಣ್ಣದಿರಬೇಕೆ, ದೊಡ್ಡದಿರಬೇಕೆ? ಬಿಡಿ ಮ್ಯಾಗಜೀನು ಒಂದು ಸಾಕೆ, ಎರಡು ಬೇಕೆ? (ಮ್ಯಾಗಜೀನೆಂದರೆ ಇಲ್ಲಿ ಗುಂಡು ತುಂಬಿಸುವ ಕೋಶ; ನೀವು ಕೈಯಲ್ಲಿ ಹಿಡಿದಿರುವಂಥದಲ್ಲ.) ಜತೆಗೊಂದು ಬ್ಯಾಟರಿ ದೀಪ, ಒಂದು ಚಾಕು, ಹಾಲು ತರಲು ಹೋಗುವಾಗಲೂ ಇವೆಲ್ಲ ಇರಬೇಕೆ? ಒಬ್ಬನು ಇಷ್ಟನ್ನೂ ತೊಟ್ಟು ಕುರುಕ್ಷೇತ್ರಕ್ಕೆ ಹೊರಟವನಂತೆ ಅಂಚೆ ಕಚೇರಿಗೆ ಹೋಗುತ್ತಾನೆ. ಇನ್ನೊಬ್ಬನು ಪಿಸ್ತೂಲನ್ನು ಕೊಂಡ ದಿನ ಪೆಟ್ಟಿಗೆಯಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿದವನು ಅದರಿಂದ ಒಮ್ಮೆಯೂ ಗುಂಡು ಹಾರಿಸಿಲ್ಲ. ಇಬ್ಬರೂ ಸಿದ್ಧತೆಯನ್ನು ಸಾಮಾನಿನಲ್ಲೇ ಕಂಡವರು. ಒಬ್ಬನು ಹೆಚ್ಚು ಕಂಡ, ಇನ್ನೊಬ್ಬನು ಕಡಿಮೆ ಕಂಡ, ಅಷ್ಟೆ.

ಈ ವಿದ್ಯೆಗೆ ಅಮೆರಿಕದಲ್ಲಿ ಆಚಾರ್ಯಪುರುಷನೆನಿಸಿದವನು ಜೆಫ್ ಕೂಪರ್. 1920ರಲ್ಲಿ ಹುಟ್ಟಿ ನೌಕಾದಳದ ಮರೀನ್ ಪಡೆಯಲ್ಲಿ ಅಧಿಕಾರಿಯಾಗಿದ್ದು, 1976ರಲ್ಲಿ ಅರಿಜೋನದಲ್ಲಿ ಪಿಸ್ತೂಲು ಶಿಕ್ಷಣದ ಶಾಲೆ ತೆರೆದು, 2006ರಲ್ಲಿ ತೀರಿಕೊಂಡ. ಅವನ ರಾಜಕೀಯ ಅಭಿಪ್ರಾಯಗಳೆಲ್ಲ ನಮಗೆ ಒಪ್ಪಿಗೆಯಾಗಬೇಕಿಲ್ಲ. ಆದರೆ ಅವನು ಕಲಿಸಿದ್ದರಲ್ಲಿ ಮುಖ್ಯವಾದುದು ಆಯುಧದ ವಿಷಯವಲ್ಲ, ಚಿತ್ತದ ವಿಷಯ. ಮನಸ್ಸಿನ ಎಚ್ಚರಕ್ಕೆ ಅವನು ನಾಲ್ಕು ಬಣ್ಣಗಳನ್ನು ಹೇಳಿದ. ಬಿಳಿ ಎಂದರೆ ಸುತ್ತಲಿನ ಪರಿವೆಯೇ ಇಲ್ಲದ ಸ್ಥಿತಿ. ಹಳದಿ ಎಂದರೆ ನಿರಾಳವಾದ ಎಚ್ಚರ. ಕಿತ್ತಳೆ ಎಂದರೆ, ಇದೇನೋ ಸರಿಯಿಲ್ಲ ಎಂದು ಒಂದರ ಮೇಲೆ ಗಮನ ನೆಟ್ಟ ಸ್ಥಿತಿ. ಕೆಂಪು ಎಂದರೆ ಕಾರ್ಯಕ್ಕೆ ಮನಸ್ಸು ಗಟ್ಟಿಯಾದ ಸ್ಥಿತಿ. ಹಳದಿ ಏನೆಂಬುದನ್ನು ನಮ್ಮ ಗೃಹಿಣಿಯರಿಗೆ ಯಾರೂ ವಿವರಿಸಬೇಕಾಗಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಂದು ಹಜಾರದಲ್ಲಿ ನೆಂಟರೊಡನೆ ನಗುನಗುತ್ತ ಮಾತನಾಡುತ್ತಿರುವಾಗ ಅವರ ಕಿವಿಯ ಒಂದು ಎಳೆ ಅಡುಗೆಮನೆಯಲ್ಲಿರುತ್ತದಲ್ಲವೆ, ಅದೇ. ಗಾಬರಿಯಿಲ್ಲ, ಸಂಶಯವಿಲ್ಲ, ಮರೆವೂ ಇಲ್ಲ. ಪಿಸ್ತೂಲು ಹೊತ್ತವನು ಮನೆಯಿಂದ ಹೊರಟ ಗಳಿಗೆಯಿಂದ ಹಿಂದಿರುಗುವವರೆಗೆ ಇರಬೇಕಾದ ಸ್ಥಿತಿ ಇದು. ಇದರ ಫಲವಾಗಿ ಅವನು ಮಾಡುವ ಕೆಲಸವಾದರೋ ಹೆಚ್ಚಿನ ಸಲ ರಸ್ತೆಯ ಆ ಬದಿಗೆ ದಾಟುವುದು, ಬೇರೆ ಬಾಗಿಲಿನಿಂದ ಹೊರಡುವುದು, ಕಾರಿನ ಗಾಜು ಇಳಿಸದೆ ಮುಂದೆ ಸಾಗುವುದು. ಇವಕ್ಕೆ ಪಿಸ್ತೂಲೇ ಬೇಕಾಗಿಲ್ಲವೆಂಬುದನ್ನು ಓದುಗರು ಗಮನಿಸಿರಬಹುದು.

ಸುರಕ್ಷತೆಗೆ ಕೂಪರ್ ಪ್ರಚುರಪಡಿಸಿದ ನಾಲ್ಕು ನಿಯಮಗಳೂ ಬಹು ಸರಳ. ಯಾವ ಬಂದೂಕನ್ನೇ ಆಗಲಿ ಗುಂಡು ತುಂಬಿದ್ದೆಂದೇ ಎಣಿಸಬೇಕು. ನಾಶವಾದರೂ ಸರಿಯೆಂದು ನೀವು ಒಪ್ಪದ ಯಾವುದರ ಕಡೆಗೂ ನಳಿಗೆಯನ್ನು ತಿರುಗಿಸಬಾರದು. ಗುರಿ ಹಿಡಿಯುವವರೆಗೆ ಬೆರಳು ಟ್ರಿಗರಿನ ಹೊರಗಿರಬೇಕು. ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ತಿಳಿದಿರಬೇಕು. ಕೊನೆಯ ನಿಯಮವೊಂದಕ್ಕೇ ಜೀವಮಾನದ ಅಭ್ಯಾಸ ಬೇಕೆಂಬುದು ಮುಂದೆ ಬರುವ ಸಂಗತಿಗಳಿಂದ ತಿಳಿಯುತ್ತದೆ.

ಕೈಯ ಅಭ್ಯಾಸವನ್ನು ನೋಡೋಣ. ಟೆಕ್ಸಸ್ ರಾಜ್ಯದಲ್ಲಿ ಪರವಾನಗಿ ಕಡ್ಡಾಯವಲ್ಲದಿದ್ದರೂ ಬಯಸಿದವರಿಗೆ ಈಗಲೂ ಕೊಡುತ್ತಾರೆ, ಅದಕ್ಕೊಂದು ಪರೀಕ್ಷೆಯಿದೆ. ಒಟ್ಟು 50 ಗುಂಡು. ಕಾಗದದ ಆಕೃತಿಯೊಂದಕ್ಕೆ 9 ಅಡಿ ದೂರದಿಂದ 20, 21 ಅಡಿಯಿಂದ 20, 45 ಅಡಿಯಿಂದ 10 ಗುಂಡುಗಳನ್ನು ಹೊಡೆಯಬೇಕು. 250 ಅಂಕಗಳಿಗೆ 175 ಬಂದರೆ ತೇರ್ಗಡೆ. ಕಾಗದ ಓಡುವುದಿಲ್ಲ, ಕೂಗುವುದಿಲ್ಲ, ತಿರುಗಿ ಹೊಡೆಯುವುದಿಲ್ಲ. ಅದರ ಹಿಂದೆ ಮಗುವಿನ ಕೈಹಿಡಿದ ತಾಯಿ ನಿಂತಿರುವುದಿಲ್ಲ. 1983ರಲ್ಲಿ ಸಾಲ್ಟ್ ಲೇಕ್ ನಗರದ ಪೊಲೀಸ್ ಶಿಕ್ಷಕ ಡೆನಿಸ್ ಟ್ಯೂಲರ್ ಒಂದು ಲೆಕ್ಕ ಪ್ರಕಟಿಸಿದ. ಚಾಕು ಹಿಡಿದವನು 21 ಅಡಿ ದೂರದಿಂದ ಓಡಿಬಂದು ಮೇಲೆ ಬೀಳಲು ತಗಲುವ ಕಾಲ ಸುಮಾರು ಒಂದೂವರೆ ಸೆಕೆಂಡು. ಪಳಗಿದ ಪೊಲೀಸಿನವನಿಗೆ ಒರೆಯಿಂದ ಪಿಸ್ತೂಲು ತೆಗೆದು ಹೊಡೆಯಲು ಬೇಕಾಗುವ ಕಾಲವೂ ಹೆಚ್ಚುಕಡಿಮೆ ಅಷ್ಟೆ. ಪೊಲೀಸಿನವನ ಪಿಸ್ತೂಲಾದರೋ ಸೊಂಟದ ಮೇಲೆ ಬಹಿರಂಗವಾಗಿ ತೂಗುತ್ತದೆ. ಗೃಹಸ್ಥನದು ಅಂಗಿಯ ಕೆಳಗೆ, ಚಳಿಗಾಲದಲ್ಲಿ ಕೋಟಿನ ಕೆಳಗೆ. ಒಂದು ಕೈಯಲ್ಲಿ ಸಾಮಾನಿನ ಚೀಲ, ಇನ್ನೊಂದು ಕೈಯಲ್ಲಿ ಮಗು. ಬಟ್ಟೆಯನ್ನು ಎತ್ತಿ, ಹಿಡಿಯನ್ನು ಸರಿಯಾಗಿ ಹಿಡಿದು, ಬೆರಳನ್ನು ಟ್ರಿಗರಿಗೆ ತಾಗಿಸದೆ ಹೊರತೆಗೆಯುವ ಈ ಒಂದು ಚಲನೆಯನ್ನು ಗುಂಡಿಲ್ಲದ ಪಿಸ್ತೂಲಿನಿಂದ ಸಾವಿರ ಸಲ ಮಾಡದವನಿಗೆ ಗಾಬರಿಯ ಹೊತ್ತಿನಲ್ಲಿ ಅದು ಸಿದ್ಧಿಸುವುದಿಲ್ಲ. ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿಯಾದ ಒರೆಯಿಲ್ಲದೆ, ಷರಾಯಿಯ ಜೇಬಿನಲ್ಲೋ ಬೆನ್ನ ಹಿಂದೆ ಬೆಲ್ಟಿಗೋ ಸಿಕ್ಕಿಸಿ ತಿರುಗುವವನು ಆಪತ್ತು ಬರುವ ಮೊದಲೇ ತನ್ನ ತೊಡೆಗೆ ತಾನೇ ಹೊಡೆದುಕೊಳ್ಳುವ ಸಂಭವ ಹೆಚ್ಚು.

ಕೈ ಪಳಗಿದರೆ ಮುಗಿಯಿತೆ? ನ್ಯೂಯಾರ್ಕ್ ನಗರದ ಪೊಲೀಸರ ವಿಚಾರವಾಗಿ ರ‍್ಯಾಂಡ್ ಸಂಸ್ಥೆ 2008ರಲ್ಲಿ ಒಂದು ವರದಿ ಕೊಟ್ಟಿತು. 1998ರಿಂದ 2006ರವರೆಗಿನ ಅವಧಿಯಲ್ಲಿ, ಎದುರಾಳಿಯೂ ಗುಂಡು ಹಾರಿಸುತ್ತಿದ್ದ ಸಂದರ್ಭಗಳಲ್ಲಿ ಪೊಲೀಸರ ನೂರು ಗುಂಡುಗಳಲ್ಲಿ ಗುರಿ ಮುಟ್ಟಿದ್ದು ಸರಾಸರಿ 18. ಸಂಬಳ ಪಡೆದು ಶಿಕ್ಷಣ ಪಡೆದವರ ಸ್ಥಿತಿ ಇದು. ಉಳಿದ 82 ಎಲ್ಲಿಗೆ ಹೋದವು ಎಂಬ ಪ್ರಶ್ನೆಗೆ 2012ರ ಆಗಸ್ಟ್ 24ರ ಬೆಳಗ್ಗೆ ಒಂದು ಉತ್ತರ ಸಿಕ್ಕಿತು. ಎಂಪೈರ್ ಸ್ಟೇಟ್ ಕಟ್ಟಡದ ಎದುರಿಗೆ, ಆಗತಾನೆ ಒಬ್ಬನನ್ನು ಕೊಂದು ಬಂದಿದ್ದ ವ್ಯಕ್ತಿಯನ್ನು ಇಬ್ಬರು ಪೊಲೀಸರು ಕೆಲವೇ ಅಡಿಗಳ ಅಂತರದಲ್ಲಿ ಎದುರಿಸಿ 16 ಗುಂಡು ಹಾರಿಸಿದರು. ಅವನು ಸತ್ತ. ದಾರಿಹೋಕರಲ್ಲಿ 9 ಮಂದಿಗೆ ಗಾಯವಾಯಿತು. ಅಷ್ಟೂ ಪೊಲೀಸರ ಗುಂಡು ಅಥವಾ ಅದರ ಚೂರುಗಳಿಂದ.

ಹೀಗಿರಲು, ಹೊತ್ತವನಿಗೆ ಬೇಕಾದ ಸಿದ್ಧತೆಯ ದೊಡ್ಡ ಭಾಗ ಹೊಡೆಯುವುದಕ್ಕಲ್ಲ, ಹೊಡೆಯದೆ ತಡೆದುಕೊಳ್ಳುವುದಕ್ಕೆ ಎಂದು ನನಗೆ ತೋರುತ್ತದೆ. ಮೂರು ಊರುಗಳಲ್ಲಿ ನಡೆದದ್ದನ್ನು ಹೇಳುತ್ತೇನೆ. ಮೂರರಲ್ಲಿಯೂ ಪಿಸ್ತೂಲು ಹೊತ್ತ ಸಾಮಾನ್ಯ ಪೌರನೊಬ್ಬನಿದ್ದಾನೆ, ಮೂವರೂ ಧೈರ್ಯಶಾಲಿಗಳೇ.

2011ರ ಜನವರಿ 8ರಂದು ಅರಿಜೋನದ ಟೂಸಾನ್ ಪಟ್ಟಣದ ಅಂಗಡಿಯೊಂದರ ಮುಂದೆ ಸಂಸತ್ ಸದಸ್ಯೆ ಗೇಬ್ರಿಯಲ್ ಗಿಫರ್ಡ್ಸ್ ತಮ್ಮ ಕ್ಷೇತ್ರದ ಜನರೊಡನೆ ಮಾತನಾಡುತ್ತಿದ್ದಾಗ ಒಬ್ಬನು ಗುಂಡಿನ ಮಳೆ ಸುರಿಸಿದ. 6 ಮಂದಿ ಸತ್ತರು. ಗಿಫರ್ಡ್ಸ್ ತಲೆಗೆ ಗುಂಡು ತಗಲಿಯೂ ಬದುಕಿದರು. ಪಕ್ಕದ ಔಷಧಿ ಅಂಗಡಿಯಲ್ಲಿದ್ದ ತರುಣನೊಬ್ಬ ಸದ್ದು ಕೇಳಿ, ಕೋಟಿನ ಜೇಬಿನಲ್ಲಿದ್ದ ತನ್ನ ಪಿಸ್ತೂಲಿನ ಮೇಲೆ ಕೈಯಿಟ್ಟು, ಅದರ ತಡೆಗೀಲನ್ನು ಸರಿಸಿ, ಸದ್ದಿನ ಕಡೆಗೆ ಓಡಿದ. ತಿರುವಿನಲ್ಲಿ ಕಂಡದ್ದೇನು? ಕೈಯಲ್ಲಿ ಪಿಸ್ತೂಲು ಹಿಡಿದು ನಿಂತ ಗಂಡಸು. ಎಲ್ಲ ಲಕ್ಷಣಗಳೂ ಇವನೇ ಕೊಲೆಗಾರನೆಂದು ಹೇಳುತ್ತಿದ್ದವು. ತರುಣ ಪಿಸ್ತೂಲು ಹೊರತೆಗೆಯಲಿಲ್ಲ. ಮೇಲೆ ಬಿದ್ದು ಆ ಮನುಷ್ಯನ ಮಣಿಕಟ್ಟು ಹಿಡಿದ. ಸುತ್ತಲಿದ್ದವರು ಅವನಲ್ಲ ಅವನಲ್ಲ ಎಂದು ಕೂಗಿಕೊಂಡರು. ನಿಜವಾದ ಕೊಲೆಗಾರನನ್ನು ಜನ ಆಗಲೇ ನೆಲಕ್ಕೆ ಕೆಡವಿದ್ದರು; ಇವನು ಅವನ ಕೈಯಿಂದ ಆಯುಧ ಕಿತ್ತುಕೊಂಡ ಪುಣ್ಯಾತ್ಮ. ತನ್ನ ಅದೃಷ್ಟ ದೊಡ್ಡದೆಂದು ಆ ತರುಣ ಮುಂದೆ ಒಪ್ಪಿಕೊಂಡ. ಅರ್ಧ ಸೆಕೆಂಡು ಕಡಿಮೆ ಯೋಚಿಸಿದ್ದರೆ ಒಬ್ಬ ವೀರನನ್ನು ಇನ್ನೊಬ್ಬ ವೀರ ಕೊಂದಿರುತ್ತಿದ್ದ.

ಎರಡನೆಯ ಊರಿನಲ್ಲಿ ಆ ಅದೃಷ್ಟ ಒಲಿಯಲಿಲ್ಲ. 2021ರ ಜೂನ್ 21ರಂದು ಕೊಲರಾಡೊ ರಾಜ್ಯದ ಆರ್ವಾಡ ಎಂಬಲ್ಲಿ ಒಬ್ಬನು ಪೊಲೀಸ್ ಅಧಿಕಾರಿಯೊಬ್ಬರನ್ನು ಕೊಂದು ರೈಫಲ್ ಹಿಡಿದು ಬೀದಿಯಲ್ಲಿ ನಡೆದು ಬರುತ್ತಿದ್ದ. ಅಂಗಡಿಯಿಂದ ಹೊರಬಂದ 40 ವರ್ಷದ ಪೌರನೊಬ್ಬ ತನ್ನ ಪಿಸ್ತೂಲಿನಿಂದ ಅವನನ್ನು ಹೊಡೆದು ಬೀಳಿಸಿದ. ಇಲ್ಲಿಗೆ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಬಿದ್ದವನ ರೈಫಲ್ ಇನ್ನು ಯಾರಿಗೂ ಸಿಗಬಾರದೆಂದೋ ಏನೋ, ಅವನು ಅದನ್ನು ಕೈಗೆತ್ತಿಕೊಂಡ. ಅದೇ ಗಳಿಗೆಯಲ್ಲಿ ಬಂದ ಇನ್ನೊಬ್ಬ ಪೊಲೀಸಿನವನ ಕಣ್ಣಿಗೆ ಬಿದ್ದದ್ದು, ಸಹೋದ್ಯೋಗಿ ಸತ್ತ ಬೀದಿಯಲ್ಲಿ ರೈಫಲ್ ಹಿಡಿದು ನಿಂತ ಅಪರಿಚಿತ. ಅವನು ಹೊಡೆದ. ಅನೇಕರ ಜೀವ ಉಳಿಸಿದ ಮನುಷ್ಯ ಸತ್ತುಹೋದ. ಆ ಪೊಲೀಸಿನವನ ಮೇಲೆ ಮೊಕದ್ದಮೆ ಹೂಡಲಿಲ್ಲ. ಅವನ ಜಾಗದಲ್ಲಿ ನಿಂತು ನೋಡಿದರೆ ಹೂಡುವುದು ಕಷ್ಟವೂ ಹೌದು. ಸಮವಸ್ತ್ರವಿಲ್ಲದವನ ಕೈಯಲ್ಲಿರುವ ಆಯುಧಕ್ಕೆ ಒಳ್ಳೆಯದು ಕೆಟ್ಟದ್ದು ಎಂಬ ಗುರುತಿಲ್ಲ. ಕೆಲಸ ಮುಗಿದೊಡನೆ ಆಯುಧವನ್ನು ಕೈಯಿಂದ ಬಿಡುವುದು, ಖಾಲಿ ಕೈಗಳನ್ನು ಮೇಲೆತ್ತಿ ನಿಲ್ಲುವುದು, 911ಕ್ಕೆ ದೂರವಾಣಿ ಮಾಡಿ ತಾನು ಯಾರು, ಯಾವ ಬಣ್ಣದ ಅಂಗಿ ತೊಟ್ಟಿದ್ದೇನೆ ಎಂದು ಹೇಳುವುದು, ಪೊಲೀಸರು ಗದರಿದರೆ ಮರುಮಾತಿಲ್ಲದೆ ಹೇಳಿದಂತೆ ಕೇಳುವುದು: ಇವನ್ನು ಒಳ್ಳೆಯ ಶಿಕ್ಷಕರು ಗುರಿಯ ಅಭ್ಯಾಸದಷ್ಟೇ ಗಟ್ಟಿಯಾಗಿ ಕಲಿಸುವುದಕ್ಕೆ ಇಂಥ ಸಾವುಗಳೇ ಕಾರಣ.

ಮೂರನೆಯದು ಇಂಡಿಯಾನ ರಾಜ್ಯದ ಗ್ರೀನ್‌ವುಡ್ ಪಟ್ಟಣದ ಮಾಲ್. ಪರವಾನಗಿಯಿಲ್ಲದೆ ಪಿಸ್ತೂಲು ಹೊರಲು ಆ ರಾಜ್ಯ ಅವಕಾಶ ಕೊಟ್ಟದ್ದು 2022ರ ಜುಲೈ 1ರಿಂದ. ಘಟನೆ ನಡೆದದ್ದು ಜುಲೈ 17ರ ಸಂಜೆ. ಒಬ್ಬನು ಶೌಚಾಲಯದಿಂದ ರೈಫಲ್ ಹಿಡಿದು ಹೊರಬಂದು, ಊಟದ ಅಂಗಡಿಗಳ ಅಂಗಳದಲ್ಲಿದ್ದವರ ಮೇಲೆ ಗುಂಡು ಹಾರಿಸತೊಡಗಿದ. ಮೂವರು ಸತ್ತರು. ಗೆಳತಿಯೊಡನೆ ಅಲ್ಲಿಗೆ ಬಂದಿದ್ದ 22 ವರ್ಷದ ಯುವಕನೊಬ್ಬ ಕಂಬಕ್ಕೆ ಆತು ನಿಂತು, ಸುಮಾರು 120 ಅಡಿ ದೂರದಿಂದ 10 ಗುಂಡು ಹಾರಿಸಿದ, 8 ತಗಲಿದವು. ಹಂತಕ ಹೊರಬಂದ ಗಳಿಗೆಯಿಂದ ಬೀಳುವವರೆಗೆ ಕಳೆದದ್ದು 15 ಸೆಕೆಂಡು. ಈ ನಡುವೆ ಆ ಯುವಕ ಜನರಿಗೆ ತನ್ನ ಹಿಂದಿನಿಂದ ಹೊರಹೋಗುವಂತೆ ಕೈಸನ್ನೆ ಮಾಡುತ್ತಲೂ ಇದ್ದನಂತೆ. ಪೊಲೀಸ್ ಶಿಕ್ಷಣವಿಲ್ಲ, ಸೈನ್ಯದ ಶಿಕ್ಷಣವಿಲ್ಲ. ಅಜ್ಜ ಕಲಿಸಿದ ವಿದ್ಯೆ. ಆಯುಧ ತರಬಾರದೆಂಬ ನಿಯಮ ಆ ಮಾಲಿನಲ್ಲಿತ್ತು ಎಂಬುದನ್ನೂ ಹೇಳಬೇಕು. ಅಂದು ಅಲ್ಲಿ ಬದುಕುಳಿದವರಿಗೆ ಆ ನಿಯಮಭಂಗದ ವಿಷಯದಲ್ಲಿ ದೂರಿರಲಾರದು.

ಈ ಮೂರನೆಯ ಕಥೆಯನ್ನು ಪಿಸ್ತೂಲಿನ ಪಕ್ಷದವರು ಪದೇ ಪದೇ ಹೇಳುತ್ತಾರೆ, ನ್ಯಾಯವಾಗಿಯೇ ಹೇಳುತ್ತಾರೆ. ಆದರೆ ಟೆಕ್ಸಸ್ಸಿನ ಪರೀಕ್ಷೆಯ ಅತಿ ದೂರದ ಗುರಿ 45 ಅಡಿ. ಆ ಯುವಕ ಹೊಡೆದದ್ದು ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು ದೂರ. ‘ಅವನಂತೆ ನಾನೂ’ ಎಂದು ಎದೆ ಮುಟ್ಟಿಕೊಳ್ಳುವವರು ತಾವು 120 ಅಡಿಯಿಂದ ಕಾಗದದ ತಟ್ಟೆಗೆ ಎಷ್ಟು ಸಲ ಹೊಡೆದಿದ್ದೇವೆಂದು ಮೊದಲು ಲೆಕ್ಕ ಹಾಕುವುದು ಒಳ್ಳೆಯದು.

ಕಾನೂನಿನ ಅರಿವು ಇನ್ನೊಂದು ಬಗೆಯ ಸಿದ್ಧತೆ. 2005ರಲ್ಲಿ ಫ್ಲಾರಿಡ ರಾಜ್ಯ, ಆಕ್ರಮಣಕ್ಕೊಳಗಾದವನು ಬೀದಿಯಲ್ಲಿಯೂ ಹಿಂಜರಿಯಬೇಕಾಗಿಲ್ಲ, ನಿಂತಲ್ಲೇ ಎದುರಿಸಬಹುದು ಎಂದು ಶಾಸನ ಮಾಡಿತು. ಅನೇಕ ರಾಜ್ಯಗಳು ಅದನ್ನು ಅನುಸರಿಸಿದವು. ನ್ಯೂಯಾರ್ಕಿನಂಥ ಕೆಲವು ರಾಜ್ಯಗಳಲ್ಲಿ, ಮನೆಯ ಹೊರಗೆ ಕ್ಷೇಮವಾಗಿ ತಪ್ಪಿಸಿಕೊಂಡು ಹೋಗುವ ದಾರಿಯಿದ್ದರೆ ಮೊದಲು ಅದನ್ನು ಹಿಡಿಯಬೇಕು. ಎಲ್ಲಿಯೇ ಆಗಲಿ, ಜಗಳವನ್ನು ತಾನೇ ಕಾಲು ಕೆರೆದು ತೆಗೆದವನಿಗೆ ಆತ್ಮರಕ್ಷಣೆಯ ವಾದ ಸುಲಭವಾಗಿ ದಕ್ಕುವುದಿಲ್ಲ. ಕಾರು ನಿಲ್ಲಿಸುವ ಜಾಗಕ್ಕಾಗಿ ಬೈದಾಡಿ, ಬೈದಾಟ ತಳ್ಳಾಟವಾಗಿ, ತಳ್ಳಾಟದಲ್ಲಿ ಪಿಸ್ತೂಲು ಹೊರಬಂದರೆ ನ್ಯಾಯದರ್ಶಿಗಳು ಮೊದಲನೆಯ ಬೈಗುಳದಿಂದ ಎಣಿಸುತ್ತಾರೆ. ಆದಕಾರಣ ಪಿಸ್ತೂಲು ಹೊತ್ತವನು ಉಳಿದವರಿಗಿಂತ ಹೆಚ್ಚು ಬೈಗುಳ ನುಂಗಿಕೊಳ್ಳಬೇಕು. ಬರಿಗೈಯವನಿಗೆ ಇರುವ ಜಗಳವಾಡುವ ಸ್ವಾತಂತ್ರ್ಯ ಅವನಿಗಿಲ್ಲ. ನಮ್ಮ ದೇಶದ ಕಾನೂನಿನಲ್ಲಿಯೂ, ಹಿಂದಿನ ದಂಡ ಸಂಹಿತೆಯ 96ರಿಂದ 106ನೆಯ ಕಲಮುಗಳಲ್ಲಿದ್ದು ಈಗ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೆಯ ಕಲಮುಗಳಿಗೆ ಬಂದಿರುವ ಆತ್ಮರಕ್ಷಣೆಯ ಹಕ್ಕಿಗೆ ಇಂಥದೇ ಬೇಲಿಯಿದೆ: ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಅಧಿಕಾರಿಗಳ ಮೊರೆ ಹೋಗಲು ಸಮಯವಿದ್ದರೆ ಹಕ್ಕೇ ಇಲ್ಲ.

ಆಯುಧ ತೆಗೆಯದೆಯೇ ಪ್ರಾಣ ಹೋಗುವ ಸಂದರ್ಭವೂ ಉಂಟು. 2016ರ ಜುಲೈ 6ರಂದು ಮಿನೆಸೋಟ ರಾಜ್ಯದಲ್ಲಿ, ಶಾಲೆಯ ಊಟದ ಮನೆಯಲ್ಲಿ ಕೆಲಸಕ್ಕಿದ್ದ 32 ವರ್ಷದ ಕರಿಯ ತರುಣನ ಕಾರನ್ನು ಪೊಲೀಸಿನವನೊಬ್ಬ ತಡೆದು ನಿಲ್ಲಿಸಿದ. ತರುಣನಲ್ಲಿ ಪರವಾನಗಿಯಿತ್ತು. ತನ್ನಲ್ಲಿ ಪಿಸ್ತೂಲಿದೆಯೆಂದು ಅವನು ವಿನಯದಿಂದಲೇ ತಿಳಿಸಿದ. ಕೆಲವೇ ಕ್ಷಣಗಳಲ್ಲಿ ಪೊಲೀಸಿನವನು ಅವನನ್ನು ಗುಂಡಿಟ್ಟು ಕೊಂದ. ಮರುವರ್ಷ ನ್ಯಾಯಾಲಯದಲ್ಲಿ ಖುಲಾಸೆಯಾದ. ಕಾರು ತಡೆದಾಗ ಕೈಗಳನ್ನು ಸ್ಟಿಯರಿಂಗಿನ ಮೇಲೆ ಕಾಣುವಂತಿಡಬೇಕು, ಹೇಳದೆ ಜೇಬಿಗೆ ಕೈಹಾಕಬಾರದು ಎಂದು ಶಿಕ್ಷಕರು ಹೇಳಿಕೊಡುತ್ತಾರೆ. ಸರಿಯಾದ ಮಾತೇ. ಆದರೆ ಮೈಯ ಬಣ್ಣ ಬೇರೆಯಾದವನಿಗೆ ಈ ಸಿದ್ಧತೆಯೆಲ್ಲ ಇದ್ದರೂ ಸಾಲದೇ ಹೋಗಬಹುದು. ನಮ್ಮ ಮಕ್ಕಳು ಅಲ್ಲಿ ಯಾವ ಬಣ್ಣದವರೆಂಬುದನ್ನು ನಾವು ಮರೆಯುವಂತಿಲ್ಲ.

ಗಾಯಕ್ಕೆ ಕಟ್ಟುವ ಪಟ್ಟಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೈಕಾಲುಗಳ ರಕ್ತಸ್ರಾವ ನಿಲ್ಲಿಸಲು ಬಿಗಿಯುವ ಟೂರ್ನಿಕೆ ಎಂಬ ಪಟ್ಟಿ ಅಂಗೈಯಗಲದ ವಸ್ತು. ಅದನ್ನು ಬಳಸುವುದನ್ನು ಸಾಮಾನ್ಯ ಜನರಿಗೆ ಕಲಿಸುವ ಚಳವಳಿಯೊಂದನ್ನು ಅಮೆರಿಕದ ಸರ್ಕಾರ 2015ರಲ್ಲಿ ಆರಂಭಿಸಿತು. ಪಿಸ್ತೂಲಿನ ಅಗತ್ಯ ಒಮ್ಮೆಯೂ ಬೀಳದ ಜೀವನದಲ್ಲಿ ರಸ್ತೆ ಅಪಘಾತ ಕಾಣುವ ಸಂದರ್ಭ ಹಲವು ಸಲ ಬಂದೀತು. ಎರಡು ಮ್ಯಾಗಜೀನು ಹೊತ್ತು ಒಂದು ಪಟ್ಟಿಯನ್ನೂ ಹೊರದವನ ಸಿದ್ಧತೆ ಯಾವುದಕ್ಕೋ ತಿಳಿಯದು.

ನಮ್ಮಲ್ಲಿ ಆಯುಧದ ಸಂಪ್ರದಾಯವೇ ಇಲ್ಲವೆಂದು ಹೇಳುವಂತಿಲ್ಲ. 1959ರ ಶಸ್ತ್ರಾಸ್ತ್ರ ಶಾಸನದ ಪರವಾನಗಿಯಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿಯುಂಟು. ಅದನ್ನು ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಆದರೆ ಕೈಲ್‌ಪೊಳ್ದ್ ಹಬ್ಬದಲ್ಲಿ ದೀಪದ ಮುಂದೆ ಹೂವಿಟ್ಟು ಪೂಜಿಸುವ ಆ ಕೋವಿ ಮನೆಮಂದಿಗೂ ನೆರೆಯವರಿಗೂ ಊರಿಗೂ ಕಾಣುವಂಥದು. ಯಾರ ಮನೆಯಲ್ಲಿ ಕೋವಿಯಿದೆಯೆಂಬುದು ಎಲ್ಲರಿಗೂ ಗೊತ್ತು. ಮರೆಯಲ್ಲಿಟ್ಟ ಪಿಸ್ತೂಲಿಗೆ ಅಂಥ ಊರಕಣ್ಣಿನ ಕಾವಲಿಲ್ಲ. ಹೊತ್ತವನೊಬ್ಬನೇ ಅದಕ್ಕೆ ಕಾವಲು.

ಆ ಕಾವಲು ಸಡಿಲಾಗುವುದು ಬೀದಿಯಲ್ಲಿ ಅಲ್ಲ, ಹೆಚ್ಚಾಗಿ ಮನೆಯವರ ನಡುವೆ. 2014ರ ಡಿಸೆಂಬರ್ 30ರಂದು ಐಡಹೊ ರಾಜ್ಯದ ಹೇಡನ್ ಎಂಬ ಊರಿನ ದೊಡ್ಡ ಅಂಗಡಿಯೊಂದರಲ್ಲಿ 29 ವರ್ಷದ ತಾಯಿಯೊಬ್ಬಳು ಮಕ್ಕಳೊಡನೆ ಸಾಮಾನು ಕೊಳ್ಳುತ್ತಿದ್ದಳು. ಪರಮಾಣು ಸಂಶೋಧನಾಲಯದ ವಿಜ್ಞಾನಿ, ಪಿಸ್ತೂಲಿಗೆ ಪರವಾನಗಿಯಿತ್ತು, ಬಳಸಿ ಅಭ್ಯಾಸವಿತ್ತು. ಪಿಸ್ತೂಲು ಇಡುವುದಕ್ಕೆಂದೇ ಪ್ರತ್ಯೇಕ ಜೇಬು ಹೊಲಿದ ಕೈಚೀಲವನ್ನು ಅವಳ ಗಂಡ ಆ ವರ್ಷದ ಕ್ರಿಸ್‌ಮಸ್ಸಿಗೆ ಉಡುಗೊರೆಯಾಗಿ ಕೊಟ್ಟಿದ್ದ. ಸಾಮಾನಿನ ಗಾಡಿಯಲ್ಲಿ ಕುಳಿತಿದ್ದ ಎರಡು ವರ್ಷದ ಮಗ ಆ ಜೇಬಿನೊಳಗೆ ಕೈಹಾಕಿದ. ಗುಂಡು ತಾಯಿಗೆ ತಗಲಿತು. ಅವಳು ಅಲ್ಲಿಯೇ ಪ್ರಾಣಬಿಟ್ಟಳು. ಅವಳಲ್ಲಿ ಏನು ಕೊರತೆಯಿತ್ತು? ವಿದ್ಯೆಯೆ, ಶಿಕ್ಷಣವೆ, ಜವಾಬ್ದಾರಿಯೆ? ಯಾವುದೂ ಅಲ್ಲ. ಪಿಸ್ತೂಲು ಮೈಗೆ ಅಂಟಿಕೊಂಡಿರದೆ, ಮೈಯಿಂದ ಒಂದು ಗೇಣು ಆಚೆ, ಮಗುವಿನ ಕೈಗೆಟಕುವಲ್ಲಿತ್ತು. ಒಂದು ಗೇಣು!

ಇನ್ನೊಂದು ಅಂಕಿಯನ್ನು ಹೇಳದೆ ಗತ್ಯಂತರವಿಲ್ಲ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು, 26,328 ಮಂದಿ, ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡವರು. ಹೊರಗಿನ ಕಳ್ಳನಿಗೆಂದು ತಂದಿಟ್ಟ ಆಯುಧ ಮನೆಯೊಳಗಿನ ನೊಂದ ಜೀವದ ಕೈಗೆ ಸಿಕ್ಕಿದ ಲೆಕ್ಕ ಇದರಲ್ಲಿ ಎಷ್ಟೋ. ಮನಸ್ಸಿನ ಕತ್ತಲೆ ಎಷ್ಟೋ ಸಲ ಒಂದು ರಾತ್ರಿಯ ಅತಿಥಿ. ಆ ರಾತ್ರಿ ಕಪಾಟಿಗೆ ಬೀಗವಿದ್ದರೆ ಬೆಳಗಾಗುತ್ತದೆ. ಆದಕಾರಣ ಹೊತ್ತವನು ಮನೆಗೆ ಬಂದೊಡನೆ ಪಿಸ್ತೂಲನ್ನು ಬೀಗದ ಪೆಟ್ಟಿಗೆಯಲ್ಲಿಟ್ಟು ಬೀಗದ ಗುಟ್ಟನ್ನು ತಾನೊಬ್ಬನೇ ತಿಳಿದಿರಬೇಕು. ಮನೆಯಲ್ಲಿ ಯಾರಾದರೂ ಮಂಕಾಗಿದ್ದರೆ, ಊಟ ನಿದ್ರೆ ಬಿಟ್ಟಿದ್ದರೆ, ಅಥವಾ ತನ್ನ ಮನಸ್ಸೇ ಸರಿಯಿಲ್ಲದಿದ್ದರೆ, ಅದನ್ನು ಕೆಲಕಾಲ ಮನೆಯಿಂದಲೇ ಹೊರಗೆ ಕಳುಹಿಸಬೇಕು. ಅಂಥ ಹೊತ್ತಿನಲ್ಲಿ ಮಾತನಾಡಲು ಅಲ್ಲಿ 988 ಎಂಬ ದೂರವಾಣಿ ಹಗಲಿರುಳೂ ತೆರೆದಿರುತ್ತದೆ.

ಮೊಮ್ಮಕ್ಕಳನ್ನು ನೋಡಿಕೊಳ್ಳಲು ಆರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗುವ ನಮ್ಮ ಅಜ್ಜ ಅಜ್ಜಿಯರಿಗೆ ಇದರಲ್ಲಿ ಒಂದು ಕೆಲಸವುಂಟು. ಮಗು ನೆರೆಮನೆಗೆ ಆಡಲು ಹೋಗುವ ಮೊದಲು, ಆ ಮನೆಯಲ್ಲಿ ಬಂದೂಕು ಇದೆಯೇ, ಇದ್ದರೆ ಗುಂಡು ತೆಗೆದು ಬೀಗ ಹಾಕಿ ಇಟ್ಟಿದ್ದಾರೆಯೇ ಎಂದು ಕೇಳಿರೆಂದು ಅಲ್ಲಿನ ಮಕ್ಕಳ ವೈದ್ಯರೇ ತಂದೆತಾಯಂದಿರಿಗೆ ಸಲಹೆ ಕೊಡುತ್ತಾರೆ. ಕೇಳಲು ನಮ್ಮವರಿಗೆ ಸಂಕೋಚ. ‘ಅವರು ಏನೆಂದುಕೊಂಡಾರೋ’ ಎಂದು ಸೊಸೆ ಹಿಂಜರಿಯಬಹುದು. ನಾಯಿ ಕಟ್ಟಿದೆಯೇ, ಮಗುವಿಗೆ ನೆಲಗಡಲೆ ಆಗದು, ತಿಂಡಿಯಲ್ಲಿ ಇದೆಯೇ ಎಂದು ಕೇಳುವ ಉಸಿರಿನಲ್ಲೇ ಇದನ್ನೂ ಸೇರಿಸಿ ಕೇಳಬಹುದು. ಸಿದ್ಧತೆಯುಳ್ಳ ನೆರೆಯವನಿಗೆ ಈ ಪ್ರಶ್ನೆಯಿಂದ ಬೇಸರವಾಗುವುದಿಲ್ಲ. ಅವನು ಎದ್ದು ಹೋಗಿ ಪೆಟ್ಟಿಗೆಯ ಬೀಗವನ್ನು ಎಳೆದು ತೋರಿಸುತ್ತಾನೆ. ಬೇಸರಪಟ್ಟುಕೊಂಡರೆ ಮಕ್ಕಳು ನಿಮ್ಮ ಮನೆಯ ಹಿತ್ತಿಲಿನಲ್ಲೇ ಆಡಲಿ.